ಟೀ ಪೊಟ್ಟಣದ ಹಕ್ಕಿಗಳು

ಆ ಚಿತ್ರಗಳನ್ನು ನಾನು ಸ್ಕೂಲಿಗೆ ಕೊಡಲಿಲ್ಲ, ಮೇಷ್ಟ್ರು ನನ್ನಿಂದ ಇಸಿದುಕೊಂಡರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ, ಆ ಹುಡುಗಿ ತಾನಾಗಿ ಕೊಟ್ಟು ಆಮೇಲೆ ರಂಪ ಮಾಡಿದಳು ಎನ್ನುವವರು ಊರಿನಲ್ಲಿ ಇವತ್ತಿಗೂ ಇದ್ದಾರೆ.

ಆಗ ನಾನು ಐದನೇ ಕ್ಲಾಸು. ನಮ್ಮದು ಮಳವಳ್ಳಿ ಕಡೆಯ ಒಂದು ಸಣ್ಣ ಊರು. ಟೀ ಪುಡಿಯ ಕಂಪನಿಯೊಂದು ತನ್ನ ದೊಡ್ಡ ಪೊಟ್ಟಣದೊಳಗೆ ಒಂದೊಂದು ಹಕ್ಕಿಯ ಚಿತ್ರ ಇಡುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ದಪ್ಪ ಕಾಗದ. ಮುಂದೆ ಬಣ್ಣದ ಹಕ್ಕಿ, ಹಿಂದೆ ಅದರ ಗೂಡು, ಮೊಟ್ಟೆ, ಆಹಾರದ ಬಗ್ಗೆ ನಾಲ್ಕು ಸಾಲು ಕನ್ನಡ. ನಮ್ಮ ಮನೆಗೆ ಅಂಥ ಪೊಟ್ಟಣ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಪುಡಿಯೇ ನಮಗೆ ಸಾಕಾಗಿತ್ತು. ಹಾಗಾಗಿ ನಾನು ಬೇರೆಯವರ ಟೀ ಮೇಲೆ ಕಣ್ಣಿಟ್ಟೆ.

ಚಿಕ್ಕಪ್ಪ ಬ್ಲಫ್ ಅನ್ನುವ ಊರಿನ ಕರೆಂಟು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಊರಿಗೆ ಬರುವಾಗಲೆಲ್ಲ ಅಕ್ಕಪಕ್ಕದ ಕ್ವಾರ್ಟರ್ಸಿನವರನ್ನು ಕೇಳಿ ಚಿತ್ರ ತರುತ್ತಿದ್ದರು. ಪೂರಿಗಾಲಿಗೆ ಕೊಟ್ಟಿದ್ದ ಸೋದರತ್ತೆ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಗಣಿ ಮಳವಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲು. ಅಪ್ಪನ ಜೊತೆ ಸಂತೆಗೆ ಹೋದಾಗ ಅಲ್ಲಿನ ಯಜಮಾನರು ಗಲ್ಲಾಪೆಟ್ಟಿಗೆ ಎಳೆದು, "ತಗಾ ಕೂಸೇ, ಈ ಸಲ ಮಿಂಚುಳ್ಳಿ ಬಂದದೆ" ಎಂದು ಕೊಡುತ್ತಿದ್ದರು. ಚಿತ್ರಗಳೆಲ್ಲ ಟೀ ವಾಸನೆ ಹೊಡೆಯುತ್ತಿದ್ದವು. ಊದುಬತ್ತಿಯ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಿಂದ ಕೊನೆಕೊನೆಗೆ ಎರಡೂ ವಾಸನೆ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಸಂಜೆ ಜಗಲಿ ಮೇಲೆ ಕೂತು, "ಇಂದ್ಗಡೆ ಬರ್ದಿರದ ಓದು ಮಗ" ಎನ್ನುತ್ತಿದ್ದಳು. ಬಣ್ಣದ ಕಡೆ ಅವಳಿಗೆ ಅಷ್ಟು ಆಸೆಯಿಲ್ಲ. ಹಕ್ಕಿಗಳನ್ನು ಹೊಲದಲ್ಲೇ ನೋಡಿದ್ದಳಲ್ಲ. ಗೀಜಗ ತನ್ನ ಗೂಡಿನೊಳಗೆ ಹಸಿಮಣ್ಣು ಮೆತ್ತುತ್ತದೆ ಎಂದು ಓದಿದ ದಿನ ಬಿದ್ದುಬಿದ್ದು ನಕ್ಕಳು. "ಅಂಗಾರೆ ಅದೂವೆ ಮನೆ ಸಾರುಸ್ತದೆ ಅನ್ನು!" ಮಾರನೇ ದಿನ ಅದನ್ನೇ ಮತ್ತೆ ಓದಿಸಿದಳು.

ಮಂಗಟ್ಟೆ ಹಕ್ಕಿಯೊಂದು ಬಹಳ ದಿನ ಸಿಗಲಿಲ್ಲ. ಅದೂ ಸಿಕ್ಕಿ ಸೆಟ್ ಪೂರ್ತಿಯಾದಾಗ ಡಬ್ಬಿಯನ್ನು ಸ್ಕೂಲಿಗೆ ಒಯ್ದು ಗೆಳತಿಯರಿಗೆ ತೋರಿಸಿದೆ. ಮೇಷ್ಟ್ರು ಕಂಡರು. ಒಂದೊಂದನ್ನೇ ತೆಗೆದು ನೋಡಿ, "ಚೆನ್ನಾಗಿವೆ ಕಣಮ್ಮ. ಪಾಠಕ್ಕೆ ಬೇಕು, ಇಲ್ಲೇ ಬಿಟ್ಟಿರು. ಸಂಜೆ ಕೊಡ್ತೀನಿ" ಅಂದರು. ಮೇಷ್ಟ್ರು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಕೊಟ್ಟೆ. ಸಂಜೆ ಕೇಳಿದರೆ ನಾಳೆ ಅಂದರು. ನಾಳೆ ಕೇಳಿದರೆ ಬೀರುವಿನ ಕೀಲಿ ಮನೆಯಲ್ಲಿದೆ ಅಂದರು. ಆಮೇಲೆ, "ಎಷ್ಟ್ ಸಲ ಕೇಳ್ತೀಯೇ, ನಾನೇನು ತಿಂದ್ಹಾಕ್ತೀನಾ?" ಎಂದು ಗದರಿದರು. ಕ್ಲಾಸೆಲ್ಲ ನಕ್ಕಿತು.

ಮಳವಳ್ಳಿಯಲ್ಲಿ ಮಕ್ಕಳ ವಸ್ತುಪ್ರದರ್ಶನ ನಡೆದಾಗ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ನಮ್ಮ ಸ್ಕೂಲಿನ ಟೇಬಲ್ಲಿನ ಹಿಂದಿನ ಗೋಡೆಯಲ್ಲಿ ದೊಡ್ಡದೊಂದು ಚಾರ್ಟು. ಅದರ ಮೇಲೆ ನನ್ನ ಹಕ್ಕಿಗಳು, ಮೈದಾ ಅಂಟು ಹಾಕಿ ಮೆತ್ತಿದ್ದರು. ಅಷ್ಟೇ ಆಗಿದ್ದರೆ ಏನೋ. ಅಂದವಾಗಲಿ ಎಂದು ಒಂದೊಂದನ್ನೂ ಕತ್ತರಿಯಲ್ಲಿ ಮೊಟ್ಟೆಯಾಕಾರಕ್ಕೆ ಕತ್ತರಿಸಿದ್ದರು. ನವಿಲಿಗೆ ಗರಿಯಿಲ್ಲ. ಮಂಗಟ್ಟೆಗೆ ಅರ್ಧ ಕೊಕ್ಕಿಲ್ಲ. ಕೆಳಗೆ ದುಂಡಗಿನ ಅಕ್ಷರದಲ್ಲಿ, ಸಂಗ್ರಹಿಸಿದವರು ಎಂದು ನಮ್ಮೂರ ಚೇರ್ಮನ್ನರ ಮಗನ ಹೆಸರು. ಅವನು ನನ್ನ ಕ್ಲಾಸಿನವನೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಬಂದವರಿಗೆಲ್ಲ ಹಕ್ಕಿ ತೋರಿಸುತ್ತಿದ್ದ. ಗೀಜಗವನ್ನು ಗುಬ್ಬಚ್ಚಿ ಅನ್ನುತ್ತಿದ್ದ!

"ಅವು ನಂದು" ಎಂದೆ. ಯಾರೂ ಕೇಳಲಿಲ್ಲ. ಕಿರುಚಿದೆ. ಮೇಷ್ಟ್ರು ಬಂದು ನನ್ನ ರಟ್ಟೆ ಹಿಡಿದುಕೊಂಡರು.

"ಸ್ಕೂಲಿಗೆ ಕೊಟ್ಟ ಮೇಲೆ ಅದು ಸ್ಕೂಲಿಂದು. ಮಾನ ಕಳೀಬೇಡ."

"ನಾನ್ ಕೊಡ್ನಿಲ್ಲ ಸಾ, ನೀವ್ ಇಸ್ಕಂಡ್ರಿ!"

"ಹೆಣ್ಣುಮಗೂಗೆ ಇಷ್ಟುದ್ದ ನಾಲಿಗೆ ಒಳ್ಳೇದಲ್ಲ" ಅಂದರು. ಪಕ್ಕದಲ್ಲಿ ನಿಂತಿದ್ದ ಸಾಹೇಬರೊಬ್ಬರು ನಗುತ್ತಾ ತಲೆಯಾಡಿಸಿದರು. ಚಾರ್ಟಿಗೆ ಬಹುಮಾನ ಬಂತು. ಸ್ಟೀಲಿನ ಡಬ್ಬಿಯೊಂದನ್ನು ಚೇರ್ಮನ್ನರ ಮಗ ಕೈಗೆತ್ತಿಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ.

ಮನೆಯಲ್ಲಿ ಅಪ್ಪ, "ಟೀ ಪೊಟ್ಟಣದಲ್ಲಿ ಬರ ಚೀಟಿಗೆ ಇಷ್ಟೊಂದ್ ಅಳ್ತಾರೇನವ್ವ, ಬುಡತ್ತಗೆ" ಅಂದರು. ಅಪ್ಪನಿಗೆ ಚೇರ್ಮನ್ನರ ಜೊತೆ ನಾಲೆ ನೀರಿನ ವ್ಯವಹಾರ ಇತ್ತು, ಅದು ನನಗೆ ಆಮೇಲೆ ಗೊತ್ತಾಯಿತು. ಮಾರನೇ ಬೆಳಗ್ಗೆ ಅಜ್ಜಿ ಒಗೆದ ಸೀರೆ ಉಟ್ಟು, ನನ್ನ ಕೈ ಹಿಡಿದು ಸ್ಕೂಲಿಗೆ ನಡೆದಳು. ಪ್ರಾರ್ಥನೆ ಮುಗಿಯುತ್ತಿತ್ತು.

"ಏನ್ ಮೇಷ್ಟ್ರೇ, ಐಕ್ಳ ಸಾಮಾನ ಇಸ್ಕಂಡು ದೊಡ್ಡೋರ್ ಮಕ್ಳ ಎಸ್ರು ಬರೀತೀರಂತೆ?"

"ಅಜ್ಜಿ, ಅವನ ಅಕ್ಷರ ಚೆನ್ನಾಗಿದೆ, ಧೈರ್ಯವಾಗಿ ಮಾತಾಡ್ತಾನೆ. ಊರಿಗೇ ಹೆಸರು ಬಂತಲ್ಲ, ನೀವು ಸಂತೋಷ ಪಡಬೇಕು."

"ಸಂತೋಸ ನೀವ್ ಪಡಿ. ನಮ್ ಕೂಸಿಂದ ನಮ್ಗೆ ಕೊಡಿ."

ಮೇಷ್ಟ್ರು ಒಂದು ಹೊಸ ಡ್ರಾಯಿಂಗ್ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. ಅಜ್ಜಿ ಅದನ್ನು ಅವರ ಮೇಜಿನ ಮೇಲೆ ವಾಪಸ್ ಇಟ್ಟು, ಗೋಡೆಗೆ ನೇತುಹಾಕಿದ್ದ ಚಾರ್ಟನ್ನು ತಾನೇ ಬಿಚ್ಚಿದಳು. ಯಾರೂ ತಡೆಯಲಿಲ್ಲ. ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಊರ ನಡುವಿನ ಬೀದಿಯಲ್ಲೇ ಬಂದಳು. ಆ ಹೊತ್ತಿನಲ್ಲಿ ನನಗೆ ಲೋಕವನ್ನೇ ಗೆದ್ದ ಹಾಗಿತ್ತು.

ಮನೆಗೆ ಬಂದು ಅಗಲವಾದ ತಟ್ಟೆಯಲ್ಲಿ ಬಿಸಿನೀರು ಹಾಕಿ ಚಾರ್ಟನ್ನು ತುಂಡು ಮಾಡಿ ನೆನೆಹಾಕಿದೆವು. ಅಜ್ಜಿ ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ಹಕ್ಕಿಗಳು ಒಂದೊಂದೇ ಎದ್ದು ಬಂದವು, ಆದರೆ ಹಿಂದಿನ ಅಕ್ಷರವೆಲ್ಲ ಅಂಟಿನ ಜೊತೆ ಮುದ್ದೆಯಾಗಿ ಅವಳ ಬೆರಳಿಗೆ ಬಂತು.

"ಬರ್ದಿರದು ಉಳ್ಕಂಡದಾ ನೋಡು ಮಗ" ಅಂದಳು.

"ಇಲ್ಲ ಕಣಜ್ಜಿ."

"ಗೀಜಗುಂದು?"

"ಅದೂ ಇಲ್ಲ."

ಅಜ್ಜಿ ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ನಿಂತು ಅವಳು ಮೇಷ್ಟ್ರನ್ನು ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಷ್ಟನ್ನೂ ನಾನು ಒಪ್ಪುತ್ತೇನೆ.

ನಾನೀಗ ಮಂಡ್ಯದಲ್ಲಿದ್ದೇನೆ, ಆಫೀಸು ಕೆಲಸ. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಹೋದ ವರ್ಷ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡರು. ಫೋನ್ ಮೇಲೆ ಫೋನ್ ಬಂತೆಂದು ಹೋದೆ. ಸ್ಕೂಲಿನ ಅಂಗಳದಲ್ಲಿ ಶಾಮಿಯಾನ. ಚೇರ್ಮನ್ನರ ಮಗ ಈಗ ಊರಿನ ಮುಖಂಡ, ಮೈಕು ಅವನ ಕೈಯಲ್ಲೇ ಇತ್ತು. ಮೇಷ್ಟ್ರು ತನಗೆ ಕಲಿಸಿದ ಶಿಸ್ತಿನ ಬಗ್ಗೆ ಹೇಳುತ್ತಾ ಹೇಳುತ್ತಾ, "ಚಿಕ್ಕಂದ್ನಲ್ಲಿ ನಂಗೆ ಹಕ್ಕಿ ಚಿತ್ರ ಸೇರ್ಸೋ ಹುಚ್ಚು. ಮನೆಮನೆ ಸುತ್ತಿ ಸೇರ್ಸಿದ್ದೆ. ಅದನ್ನ ಗುರುತಿಸಿ ಬಹುಮಾನ ಕೊಡ್ಸಿದ್ದು ಇವರೇ" ಅಂದ. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ. "ಸುಳ್ಳು ಹೇಳಬೇಡ. ಮನೆಮನೆ ಸುತ್ತಿದ್ದು ನಾನು. ನೀನು ಕೋಲು ಹಿಡಿದಿದ್ದೆ ಅಷ್ಟೇ" ಅಂದೆ.

ಕೆಲವರು ನಕ್ಕರು. ಅವನೂ ನಗುತ್ತಾ, "ಆಯ್ತು ಬುಡವ್ವ, ನಿಂದೇ ಇರ್ಲಿ. ಈಗೇನು, ಟೀ ಪುಡಿ ತಂದ್ಕೊಡ್ಲಾ?" ಅಂದ. ಇನ್ನೂ ಜೋರು ನಗು. ನಾನು ಮೇಷ್ಟ್ರ ಮುಖ ನೋಡಿದೆ. ಕೊರಳ ತುಂಬ ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಅವರು ನನ್ನನ್ನು ಗುರುತು ಹಿಡಿದರು, ಅದು ಕಣ್ಣಲ್ಲೇ ಕಂಡಿತು. ಆಮೇಲೆ ತಲೆ ತಗ್ಗಿಸಿ ಶಾಲಿನ ಅಂಚು ಸರಿಮಾಡಿಕೊಂಡರು.

ಊಟಕ್ಕೆ ಎದ್ದಾಗ ಕೈ ತೊಳೆಯುವಲ್ಲಿ ನನ್ನ ಕ್ಲಾಸಿನ ಒಬ್ಬಳು ಪಕ್ಕಕ್ಕೆ ಬಂದಳು. "ನಮ್ಗೆಲ್ಲಾ ಗೊತ್ತಿತ್ತು ಕಣೇ, ಅವು ನಿಂದೇ ಅಂತ."

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

"ಅಯ್ಯೋ, ಯಾರ್ಗ್ ಯಾಕ್ ಬೇಕಿತ್ತು" ಎಂದು ಅವಳು ನೀರು ಚೆಲ್ಲಿ ಹೋದಳು.

ಬಸ್ಸು ಹತ್ತಿ ಹೊರಟುಬಿಡೋಣ ಅನ್ನಿಸಿತು. ಹೋದರೆ, ನೋಡಿ ಮತ್ತೆ ರಂಪ ಮಾಡಿ ಹೋದಳು ಅನ್ನುತ್ತಾರೆ. ಹೋಗಲಿಲ್ಲ. ಚೇರ್ಮನ್ನರ ಮಗ ಕೂತ ಪಂಕ್ತಿಗೆ ಸರಿಯಾಗಿ ಎದುರು ಎಲೆ ಹಾಕಿಸಿಕೊಂಡು ಕೂತೆ. ಅವನು ತಲೆಯೆತ್ತಿದಾಗಲೆಲ್ಲ ನಾನು ನೋಡುತ್ತಲೇ ಇದ್ದೆ. ಪಾಯಸ ಬಡಿಸುವ ಮೊದಲೇ ಅವನು ಎದ್ದುಹೋದ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.