ಸಪ್ಪಳ ಮಾಡದ ಡಬ್ಬಿ

ತಮ್ಮ ಕೇಳಿದ್ದು ಎರಡೇ. "ಅಕ್ಕಾ, ಸಣ್ಣದಿರಬೇಕು. ಸಪ್ಪಳ ಮಾಡಬಾರದು." ಆಟ ಆಡುವ ಕಂಪ್ಯೂಟರಿಗೆ ಇಷ್ಟೇ ಬೇಡಿಕೆಯಾ ಎಂದು ನಾನು ನಕ್ಕಿದ್ದೆ. ಒಂದೊಂದೇ ಭಾಗ ಆರಿಸಿ, ಕೊಚ್ಚಿಯಲ್ಲಿ ಜೋಡಣೆ ಮಾಡಿಸಿ, ತಿರುವನಂತಪುರದ ಅವನ ಕೋಣೆಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

ನಾವಿಬ್ಬರೂ ಧಾರವಾಡದವರು. ನಾನು ಕೊಚ್ಚಿಯ ಐಟಿ ಪಾರ್ಕಿನಲ್ಲಿ, ಅವನು ತಿರುವನಂತಪುರದ ಐಟಿ ಪಾರ್ಕಿನಲ್ಲಿ. ಕಾಲೇಜಿನ ಕೊನೆಯ ವರ್ಷದಿಂದ ಅವನ ಕಣ್ಣು ಒಳಗಿನಿಂದ ಸವೆಯುತ್ತಾ ಬಂತು. ಈಗ ಎರಡು ವರ್ಷದಿಂದ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಪರದೆಯ ಮೇಲಿನದನ್ನು ಕಂಪ್ಯೂಟರೇ ಓದಿ ಹೇಳುತ್ತದೆ, ಅದನ್ನು ಕೇಳಿಸಿಕೊಂಡು ಕೆಲಸ ಮಾಡುತ್ತಾನೆ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಆ ಮಾತನ್ನು ಯಾರೂ ಆಡುವುದಿಲ್ಲ. "ಕಣ್ಣಿಂದು ಸ್ವಲ್ಪ ತ್ರಾಸ ಐತಿ" ಅನ್ನುತ್ತಾಳೆ ಅವ್ವ, ನೆಂಟರ ಮುಂದೆ. ನಾನೂ ಅಷ್ಟೇ ಅನ್ನುತ್ತಿದ್ದೆ. ಇನ್ನೇನು, ಯಾವುದಾದರೂ ಹೊಸ ಚಿಕಿತ್ಸೆ ಬಂದೇ ಬರುತ್ತದೆ ಎಂದು ಹಟ ಹಿಡಿದು ನಂಬಿದ್ದೆ.

ಆಟವನ್ನೂ ಅವನು ಕಿವಿಯಿಂದಲೇ ಆಡುತ್ತಾನೆ. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಎದುರಾಳಿಯ ಹೆಜ್ಜೆ ಯಾವ ಕಿವಿಗೆ ಬಿತ್ತು, ಹಾರಿದನೋ ಕುಕ್ಕರಿಸಿದನೋ, ಎಲ್ಲವೂ ಶಬ್ದದಲ್ಲೇ ಗೊತ್ತಾಗುತ್ತದಂತೆ. ಶನಿವಾರ ಸಂಜೆ ಧಾರವಾಡದ ಗೆಳೆಯರ ಜೊತೆ ಆನ್‌ಲೈನ್ ಪಂದ್ಯ. ಆದರೆ ಅವನ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು, ಹೆಡ್‌ಫೋನಿನೊಳಗೂ ನುಸುಳುತ್ತಿತ್ತು. ಸೋಲಿನ ಮೇಲೆ ಸೋಲು. ಕಡೆಗೆ ಗೆಳೆಯರು ಬೇಕಂತಲೇ ಸೋಲತೊಡಗಿದರು. ಅದೂ ಅವನಿಗೆ ಕೇಳಿಸಿತು.

"ಪಾಪ ಅಂತ ಬಿಟ್ಟುಕೊಡಾಕತ್ತಾರ ಅಕ್ಕಾ. ಇನ್ನ ಆಡೂದ ಬಿಟ್ಟಬಿಡ್ತೀನಿ" ಅಂದ ಫೋನಿನಲ್ಲಿ. ಹೊಸದೊಂದು ಕಂಪ್ಯೂಟರ್ ಮಾಡಿಸಿಕೊಡುತ್ತೇನೆ ಎಂದೆ. ಚಿಕ್ಕಂದಿನಲ್ಲಿ ಸೋತರೆ ಊಟ ಬಿಡುತ್ತಿದ್ದ ಹುಡುಗ ಅವನು.

ಕೊಚ್ಚಿಯ ಕಲೂರಿನ ಬಸ್ ನಿಲ್ದಾಣದ ಹಿಂದೆ ಒಂದು ಕಂಪ್ಯೂಟರ್ ಅಂಗಡಿಯಿದೆ. ಮಾಲೀಕರು ನರೆತ ಗಡ್ಡದ, ಅವಸರವೇ ಇಲ್ಲದ ಮನುಷ್ಯ. ನನ್ನನ್ನು ಮಗಳೇ ಎನ್ನುವಂತೆ "ಮೋಳೇ" ಎಂದೇ ಕರೆಯುತ್ತಿದ್ದರು. ನನ್ನ ಪಟ್ಟಿ ನೋಡಿ, ನನ್ನ ಹರುಕು ಮಲಯಾಳಕ್ಕೆ ಹೊಂದುವಂತೆ ನಿಧಾನವಾಗಿ ಹೇಳಿದರು.

"ಸಣ್ಣ ಪೆಟ್ಟಿಗೆ, ಚಿತ್ರ ಚೆನ್ನಾಗಿ ಬರೋದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡು, ಸದ್ದೂ ಇರಬಾರದು. ಮೂರೂ ಒಟ್ಟಿಗೆ ಆಗೋದಿಲ್ಲ ಮೋಳೇ. ಕಾರ್ಡು ಬಿಸಿಯಾದರೆ ಅದರ ಫ್ಯಾನು ತಿರುಗಲೇಬೇಕು. ತಮ್ಮ ಯಾವ ಆಟ ಆಡ್ತಾನೆ? ಚಿತ್ರ ಸ್ವಲ್ಪ ಮಬ್ಬಾದರೂ ಸಾಕು ಅನ್ನೋದಾದರೆ ಕಾರ್ಡೇ ಬೇಡ. ಪ್ರೊಸೆಸರಿನಲ್ಲಿರೋ ಗ್ರಾಫಿಕ್ಸೇ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ತಮ್ಮ ಯಾಕೆ ಮಬ್ಬು ಚಿತ್ರ ನೋಡಬೇಕು? ಚಿತ್ರ ಚೆನ್ನಾಗಿ ಕಾಣಲೇಬೇಕು" ಎಂದೆ. ಯಾವ ಆಟ ಎನ್ನುವ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಆ ಮನುಷ್ಯ ಬೇಸರಿಸದೆ ಎರಡು ವಾರ ಹುಡುಕಿದರು. ಪ್ರೊಸೆಸರಿಗೆ ಮೆಲ್ಲಗೆ ತಿರುಗುವ ಅಗಲದ ಫ್ಯಾನು, ಸುಮ್ಮನಿದ್ದಾಗ ಪೂರ್ತಿ ನಿಂತೇ ಹೋಗುವ ಪವರ್ ಸಪ್ಲೈ, ಸಣ್ಣ ಪೆಟ್ಟಿಗೆಯಲ್ಲಿ ಹೇಗೋ ತೂರುವ ಗಿಡ್ಡ ಕಾರ್ಡು. ಎಲ್ಲ ಜೋಡಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿ, "ಆಟ ಶುರುವಾದ ಮೇಲೆ ಹೇಗೋ ಗೊತ್ತಿಲ್ಲ" ಎಂದು ತಲೆ ಅಲ್ಲಾಡಿಸಿದರು. ಆ ಮಾತು ಕೇಳಿಸದವಳ ಹಾಗೆ ಎತ್ತಿಕೊಂಡು ಬಂದೆ.

ಶನಿವಾರ ಬೆಳಗಿನ ರೈಲಿನಲ್ಲಿ ಅದನ್ನು ಮಡಿಲಿನಿಂದ ಇಳಿಸಲಿಲ್ಲ. ತಮ್ಮನ ಕೋಣೆ ಸೇರಿದಾಗ ಮಧ್ಯಾಹ್ನ. ಅವನು ಪೆಟ್ಟಿಗೆಯ ನಾಲ್ಕೂ ಮೂಲೆ ತಡವಿ, ಗೇಣು ಹಾಕಿ ಅಳೆದ. "ಎರಡ ಗೇಣೂ ಇಲ್ಲಲ್ಲೇ! ಭಾರೀ ಐತಿ" ಎಂದು ಹಿಗ್ಗಿದ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಹಳೆಯ ಮಾನಿಟರನ್ನು ನಾನು ಒರೆಸಿ ತಂದು ಜೋಡಿಸಿದೆ. ಆಟ ತೆರೆಯಿತು. ಏನು ಬಣ್ಣ, ಏನು ಬೆಳಕು! ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಸುಂಯ್ ಎಂದು ಶುರುವಾಗಿ, ಏರುತ್ತಾ ಹೋಯಿತು.

ಅವನು ತಲೆ ವಾಲಿಸಿದ. "ಇದ ಯಾವುದರ ಸಪ್ಪಳ?"

"ಗ್ರಾಫಿಕ್ಸ್ ಕಾರ್ಡಿಂದು. ಚಿತ್ರ ಚಲೋ ಕಾಣಬೇಕಂದ್ರ ಅದು ಬೇಕಲ್ಲೋ."

"ಯಾರಿಗೆ ಕಾಣಬೇಕು?"

"ಏನಂದ್ರ ಏನ ಮಾತಾಡ್ತಿ! ನಾಳೆ ನಿನ್ನ ಕಣ್ಣ ಹೊಳ್ಳಿ ಬಂದ್ರ?" ಕಿರುಚಿಯೇಬಿಟ್ಟೆ. ಪಕ್ಕದ ಕೋಣೆಯ ರೇಡಿಯೋ ಸಣ್ಣಗಾಯಿತು.

ಅವನು ಸಿಟ್ಟಾಗಲಿಲ್ಲ. ಕೈ ಚಾಚಿ ನನ್ನ ಮೊಣಕೈ ಹಿಡಿದ. "ಬಂದ್ರ ಆವಾಗ ತರೂಣು ಬಿಡಕ್ಕಾ. ಈಗ ನಾ ಹಿಂಗ ಅದೀನಿ. ಹಿಂಗ ಇದ್ದಾವಗ ಏನ ಬೇಕೋ ಅದನ್ನ ಕೊಡು." ಮೇಜಿನ ಖಾನೆ ತಡವಿ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗಿಟ್ಟ. "ನೀನ ತಗಿ."

ಕಂಪ್ಯೂಟರ್ ಆರಿಸಿ ಪೆಟ್ಟಿಗೆ ತೆರೆದೆ. ಕಣ್ಣು ಮಂಜಾಗಿತ್ತು. ಎರಡು ಸ್ಕ್ರೂ ಬಿಚ್ಚುವುದಕ್ಕೆ ಅಷ್ಟು ಹೊತ್ತು ಯಾರೂ ತೆಗೆದುಕೊಂಡಿರಲಿಕ್ಕಿಲ್ಲ. ಕಾರ್ಡು ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು. ಮತ್ತೆ ಮುಚ್ಚಿ, ಮಾನಿಟರಿನ ತಂತಿಯನ್ನು ಇನ್ನೊಂದು ಕಡೆ ಸಿಕ್ಕಿಸಿ, ಗುಂಡಿ ಒತ್ತಿ ಕಾದೆ.

"ಚಾಲೂನ ಆಗಲಿಲ್ಲಲ್ಲೋ."

"ಆಗೇತಿ" ಎಂದ ಅವನು, ಮುಖ ತುಂಬ ನಗು. ಕೋಣೆಯಲ್ಲಿ ಏನೇನೂ ಸಪ್ಪಳವಿರಲಿಲ್ಲ.

ಸಂಜೆ ನಾಲ್ಕು ಪಂದ್ಯ ಆಡಿದ, ಮೂರು ಗೆದ್ದ. ಪರದೆಯ ಮೇಲೆ ಚಿತ್ರ ಮಬ್ಬು ಮಬ್ಬಾಗಿತ್ತು. ಆ ಕಡೆಯ ಗೆಳೆಯ ನಿಜವಾಗಿ ಸಿಟ್ಟಿಗೆದ್ದು ಬೈದಾಗ ಇವನು ಕುರ್ಚಿಯಲ್ಲೇ ಕುಣಿದ. "ಕೇಳಿಸ್ತೇನ ಅಕ್ಕಾ? ಖರೇನ ಬೈದಾ!"

ಸೋಮವಾರ ಆಫೀಸು ಮುಗಿಸಿ ಕಲೂರಿಗೆ ಹೋಗಿ ಕಾರ್ಡನ್ನು ಅಂಗಡಿಯ ಮೇಜಿನ ಮೇಲಿಟ್ಟೆ. ಮಾಲೀಕರು ಕನ್ನಡಕ ಏರಿಸಿ ತಿರುಗಿಸಿ ಮುರುಗಿಸಿ ನೋಡಿದರು. "ಏನು ದೋಷ ಮೋಳೇ?"

"ದೋಷ ಏನಿಲ್ಲ" ಎಂದೆ. ಆಮೇಲೆ, ಕನ್ನಡದಲ್ಲಿ ಒಮ್ಮೆಯೂ ಬಾಯಿಂದ ಹೊರಡದೇ ಇದ್ದದ್ದು ಮಲಯಾಳದಲ್ಲಿ ಹೊರಟಿತು. "ನನ್ನ ತಮ್ಮನಿಗೆ ಕಣ್ಣು ಕಾಣಿಸುವುದಿಲ್ಲ."

ಅವರು ಅಯ್ಯೋ ಅನ್ನಲಿಲ್ಲ. ಕಾರ್ಡನ್ನು ಪಕ್ಕಕ್ಕಿಟ್ಟು, ಸ್ಟೂಲು ನನ್ನ ಕಡೆ ಸರಿಸಿ, ಅಂದು ಕೇಳಿದ್ದನ್ನೇ ಮತ್ತೆ ಕೇಳಿದರು. "ತಮ್ಮ ಯಾವ ಆಟ ಆಡ್ತಾನೆ?"

ಕೂತುಕೊಂಡೆ. ಹೇಳತೊಡಗಿದೆ.