ಅಮಾವಾಸ್ಯೆಯ ಬ್ಯಾಕಪ್

ಪಲ್ಯದ ಹೆಸರು ಹೇಳಿ ಮೈಕ್ ಟೆಸ್ಟ್ ಮಾಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹೆಸರು ಹುಲಿಗೆಮ್ಮ. ನಮ್ಮ ಹೊಸಪೇಟೆಯ ಮದುವೆ ವಿಡಿಯೊಗ್ರಾಫರ್ ಪಂಪಾಪತಿಯ ಹೆಂಡತಿ.

ಗಂಡ ಕ್ಯಾಮೆರಾ ಹಿಡಿದರೆ ಇವಳು ಲೈಟ್ ಹಿಡಿಯುತ್ತಿದ್ದಳು. ಕಂಪ್ಲಿಯಲ್ಲಿ ಮದುವೆಯಾಗಲಿ, ಸಂಡೂರಿನಲ್ಲಿ ಸೀಮಂತವಾಗಲಿ, ಶುರುವಾಗುವ ಮುಂಚೆ ಪಂಪಣ್ಣ (ಊರೆಲ್ಲ ಅವನನ್ನು ಕರೆಯುವುದು ಹಾಗೇ) ಮೈಕನ್ನು ಅವಳ ಮುಂದೆ ಹಿಡಿದು "ಏನರ ಮಾತಾಡು" ಅನ್ನುತ್ತಿದ್ದ. ಬೇರೆಯವರಾದರೆ ಹಲೋ, ಒನ್, ಟೂ, ತ್ರೀ ಅಂತಾರೆ. ಹುಲಿಗೆಮ್ಮ ಅವತ್ತಿನ ಬುತ್ತಿ ಹೇಳುತ್ತಿದ್ದಳು.

"ಇವತ್ತು ಪುಂಡಿಪಲ್ಯ, ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಕೇಳಸ್ತೈತೇನ್ರಿ? ಇಲ್ಲಿ ಬಿಸಲು ಭಾಳ ಐತಿ, ಜಲ್ದಿ ಮುಗಿಸ್ರಿ." ಆಮೇಲೆ ಒಂದು ನಗು.

ಮದುವೆಯವರಿಗೆ ಕೊಡುವ ವಿಡಿಯೊದಲ್ಲಿ ಈ ತುಣುಕು ಇರುತ್ತಿರಲಿಲ್ಲ. ತಾಳಿ ಕಟ್ಟುವ ಮುಂಚೆ ಪುಂಡಿಪಲ್ಯ ಯಾರಿಗೆ ಬೇಕು?

ಹೋದ ವರ್ಷ ಹುಲಿಗೆಮ್ಮ ತೀರಿಕೊಂಡಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಊರವರ ಮದುವೆಗಳನ್ನೆಲ್ಲ ಶೂಟ್ ಮಾಡಿದವನ ಹತ್ತಿರ ಸ್ವಂತ ಹೆಂಡತಿಯ ಸರಿಯಾದ ಒಂದು ವಿಡಿಯೊ ಇರಲಿಲ್ಲ. ಯಾವಾಗಲೂ ಲೈಟಿನ ಹಿಂದೆಯೇ ನಿಂತವಳು. ಪಂಪಣ್ಣ ಹಳೆಯ ಮೆಮೊರಿ ಕಾರ್ಡುಗಳನ್ನೆಲ್ಲ ಜಾಲಾಡಿ, ಆ ಮೈಕ್ ಟೆಸ್ಟ್‌ಗಳನ್ನು ಒಂದೊಂದಾಗಿ ಹೆಕ್ಕಿ ಒಂದು ಫೋಲ್ಡರಿನಲ್ಲಿ ಕೂಡಿಟ್ಟ. (ಕಾರ್ಡುಗಳನ್ನು ಅಳಿಸಿ ಮತ್ತೆ ಮದುವೆಗೆ ಬಳಸಲೇಬೇಕಿತ್ತು. ಹೊಟ್ಟೆಪಾಡು.)

ಆ ಫೋಲ್ಡರ್ ಇದ್ದದ್ದು ಬಸ್‌ಸ್ಟ್ಯಾಂಡ್ ಹಿಂದಿನ ಅವನ ಅಂಗಡಿಯ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಒಂದೇ, ಬಳಸುವವರು ಮೂವರು. ಪಂಪಣ್ಣನ ಎಡಿಟಿಂಗ್, ಲಗ್ನಪತ್ರಿಕೆ ಡಿಸೈನ್ ಮಾಡುವ ಶಶಿಕಲಾಳ ಡಿಟಿಪಿ, ಜೊತೆಗೆ ನಾನು ಪತ್ರಿಕೆಗೆ ಬರೆಯುವ ಈ ಅಂಕಣ. ಅವರಿಬ್ಬರಿಗೂ ಬೇರೆ ಬೇರೆ ಲಾಗಿನ್. ನನಗೆ ಅದೂ ಇಲ್ಲ. ಶಶಿಕಲಾಳ ಲಾಗಿನ್‌ನಲ್ಲೇ ನುಗ್ಗಿ, ಟೈಪ್ ಮಾಡಿ, ಎಲ್ಲವನ್ನೂ ಅಲ್ಲೇ ಬಿಟ್ಟು ಬರುತ್ತೇನೆ. ಧರ್ಮಛತ್ರ ಸಿಕ್ಕರೆ ಯಾರು ಬಿಡ್ತಾರೆ?

ಪಂಪಣ್ಣ ತನ್ನ ಲಾಗಿನ್‌ಗೆ ಪಾಸ್‌ವರ್ಡ್ ಹಾಕಿದ್ದು ಹುಲಿಗೆಮ್ಮ ಹೋದಮೇಲೆ. ಅಂಗಡಿಗೆ ಬಂದವರು ತಾವೇ ಆ ಫೋಲ್ಡರ್ ತೆರೆದು, ದನಿ ಕೇಳಿ "ಅಯ್ಯೋ ಪಾಪ" ಅಂತ ಕೂತುಬಿಡುತ್ತಿದ್ದರು. ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ, ಇಯರ್‌ಫೋನ್ ಹಾಕಿಕೊಂಡು, ಅವಳು ಹೇಳುವ ಅಡುಗೆ ಕೇಳುತ್ತಾ ಉಣ್ಣುತ್ತಿದ್ದ. ಆಗ ನಾವಿಬ್ಬರೂ ಆ ಕಡೆ ನೋಡುತ್ತಿರಲಿಲ್ಲ.

ಇನ್ನು ಬ್ಯಾಕಪ್. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಲಾರಿ, ಮಷಿನು, ಎಲ್ಲಕ್ಕೂ ಪೂಜೆ. ಶಶಿಕಲಾ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿ, ಆಮೇಲೆ ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿ ಎಲ್ಲ ಕಾಪಿ ಹಾಕುತ್ತಿದ್ದಳು. ಪಂಪಣ್ಣ ಕೊಬ್ಬರಿ ಅಗಿಯುತ್ತಾ "ಎಲ್ಲಾ ಆತೇನವ್ವಾ?" ಅಂತ ಕೇಳುತ್ತಿದ್ದ. "ಆತ್ರೀ ಅಣ್ಣಾ."

ಹೋದ ವಾರ ಕಂಪ್ಯೂಟರ್ ಆನ್ ಆಗಲಿಲ್ಲ. ಒಳಗಿನ ಡಿಸ್ಕ್ ಸತ್ತಿತ್ತು. ಬಳ್ಳಾರಿಗೆ ಒಯ್ದು ತೋರಿಸಿದೆವು. "ಇದರಾಗಿಂದ ಏನೂ ಬರಂಗಿಲ್ರಿ" ಅಂದರು. ಪಂಪಣ್ಣ ಗಾಬರಿಯಾಗಲಿಲ್ಲ. ಅಮಾವಾಸ್ಯೆಯ ಕಾಪಿ ಇತ್ತಲ್ಲ!

ಹೊಸ ಡಿಸ್ಕ್ ಹಾಕಿಸಿ ಬ್ಯಾಕಪ್ ತೆರೆದೆವು. ಶಶಿಕಲಾಳ ಲಗ್ನಪತ್ರಿಕೆಗಳೆಲ್ಲ ಇದ್ದವು. ನನ್ನ ಅಂಕಣಗಳೂ ಇದ್ದವು, ಹಂಪಿ ಬಜಾರಿನ ಕೋತಿ ನನ್ನ ಕನ್ನಡಕ ಕಿತ್ತುಕೊಂಡಿದ್ದರ ಬಗ್ಗೆ ಕೊರೆದದ್ದೂ ಸೇರಿ. 'ಪಂಪಣ್ಣ' ಅನ್ನುವ ಫೋಲ್ಡರೂ ಇತ್ತು. ಶಶಿಕಲಾಳೇ ಮೊದಲ ಅಮಾವಾಸ್ಯೆಗೆ ಹೆಸರು ಬರೆದು ಮಾಡಿಟ್ಟದ್ದು. ಒಳಗೆ ಏನೂ ಇರಲಿಲ್ಲ.

ಶಶಿಕಲಾಳ ಮುಖ ಬಿಳುಚಿಕೊಂಡಿತು. "ಅಣ್ಣಾ, ನಿಮ್ಮ ಲಾಗಿನ್ ಕಾಪಿ ಹಾಕಾಕ ಹೋದ್ರ ಪರ್ಮಿಶನ್ ಇಲ್ಲ ಅಂತ ಬರ್ತಿತ್ತು. ಪ್ರತಿಸಲ ಸ್ಕಿಪ್ ಒತ್ತಿಬಿಡ್ತಿದ್ದೆ."

"ನನ್ನ ಕೇಳಬೇಕಿತ್ತಲ್ಲವ್ವಾ. ಪಾಸ್‌ವರ್ಡ್ ಕೊಡ್ತಿದ್ದೆ."

"ಹೆಂಗ ಕೇಳ್ಲಿ ಅಣ್ಣಾ? ಅದರಾಗ ಏನೈತಿ ಅಂತ ನನಗ ಗೊತ್ತಿತ್ತು. ಕೇಳಿದ್ರ ನಿಮಗ ನೋವಾಗತೈತಿ ಅಂತ... ನೀವ ಬ್ಯಾರೆ ಕಡೆ ಇಟ್ಟಿರ್ತೀರಿ ಅನ್ಕೊಂಡೆ."

ಅವಳು ಬಿಕ್ಕಿಬಿಕ್ಕಿ ಅತ್ತಳು. ಪಂಪಣ್ಣ ಅಳಲಿಲ್ಲ. "ಹೋಗ್ಲಿ ಬಿಡವ್ವಾ, ಅಳಬ್ಯಾಡ" ಅಂತ ಅವಳನ್ನೇ ಸಮಾಧಾನ ಮಾಡಿದ. ಅವನೂ ಅತ್ತಿದ್ದರೆ ಚೆನ್ನಾಗಿತ್ತು.

ತಪ್ಪು ಯಾರದು? ಹತ್ತು ಜನ ಸೇರಿದಲ್ಲಿ ಹಾವು ಸಾಯಲ್ಲ ಅಂತಾರೆ, ಎಲ್ಲರೂ ಇನ್ನೊಬ್ಬರು ಹೊಡೆಯಲಿ ಅಂತ ಕೋಲು ಹಿಡಿದು ನಿಂತಿರುತ್ತಾರಂತೆ. ಆದರೆ ಶಶಿಕಲಾ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವಳಲ್ಲ. ಇವರಿಬ್ಬರನ್ನು ಕೆಡಿಸಿದ್ದು ಮರ್ಯಾದೆ ಅನಿಸುತ್ತದೆ ನನಗೆ. ಬೇರೆಯವರ ಬೀಗ ಮುಟ್ಟಬಾರದು, ಬೇರೆಯವರ ಗಾಯ ಕೆದಕಬಾರದು. ನಾವೆಲ್ಲ ಮಾಡುವುದೂ ಇದೇ ಅಲ್ಲವೇ? ಸಾವಾದ ಮನೆಗೆ ಹೋಗುತ್ತೇವೆ, ಮಳೆ ಬೆಳೆ ಮಾತಾಡುತ್ತೇವೆ, ಚಹಾ ಕುಡಿಯುತ್ತೇವೆ, ಹೋದವರ ಹೆಸರೆತ್ತದೆ ಎದ್ದು ಬರುತ್ತೇವೆ. ಸ್ಕಿಪ್! ಮರ್ಯಾದೆ ಬಿಟ್ಟು ಕಂಡವರ ಲಾಗಿನ್‌ಗೆ ನುಗ್ಗಿದ ನನ್ನದು ಮಾತ್ರ ಒಂದಕ್ಷರವೂ ಹಾಳಾಗಲಿಲ್ಲ.

ಮೊನ್ನೆ ಊಟದ ಹೊತ್ತಿಗೆ ಹೋದೆ. ಪಂಪಣ್ಣ ಬುತ್ತಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ.

"ಕುಂದರ್ರಿ ಸರ್" ಅಂದ. ಬುತ್ತಿ ಪಕ್ಕಕ್ಕೆ ಸರಿಸಿ, "ಆಕಿ ದನಿ ಮರತು ಹೋಗತೈತೇನೋ ಅಂತ ಹೆದರಿಕಿ ಆಗೈತ್ರಿ. ಹೆಂಗ ಮಾತಾಡ್ತಿದ್ಲು ಅಂತ ನಿಮ್ಮ ಅಂಕಣದಾಗ ಬರದಿಡ್ರಿ. ನಿಮ್ಮವು ಹೋಗಂಗಿಲ್ಲಲ್ಲ."

ಚುಚ್ಚುಮಾತೇನಲ್ಲ. ನಿಜವಾಗಿಯೂ ಕೇಳಿದ.

ಬರೆದಿದ್ದೇನೆ ಪಂಪಣ್ಣ. ಪುಂಡಿಪಲ್ಯ, ರೊಟ್ಟಿ, ಚಟ್ನಿ, ಬಿಸಿಲು, ಅವಳಂದದ್ದನ್ನೆಲ್ಲ ಬರೆದಿದ್ದೇನೆ. ದನಿಯನ್ನು ಹೇಗೆ ಬರೆಯಲಿ?