ನಮ್ಮ ಹಿತ್ತಲಿನ ಪರಂಗಿ ಕೋಟೆ

"ಕುಂದಾಪುರದಲ್ಲಿ ಯಾರೂ ನೋಡದ ಜಾಗ ತೋರಿಸು" ಅಂತ ಮೈಸೂರಿನ ಭಾವ, ಅಂದರೆ ನಮ್ಮ ಅಕ್ಕನ ಗಂಡ, ಇವತ್ತು ಬೆಳಿಗ್ಗೆಯೇ ಕ್ಯಾಮೆರಾ ನೇತುಹಾಕಿಕೊಂಡು ಹೊರಟರು ಮಾರಾಯ್ರೆ. ನಾವು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬಿಲ್ಲ, ಆಗಲೇ ತಪಾಸಣೆ! ಹೊಳೆ ಬದಿಯಲ್ಲಿ ಹಿಂದೆ ಪೋರ್ಚುಗೀಸರು ಕಟ್ಟಿದ್ದ ಪರಂಗಿ ಕೋಟೆಗೆ ಕರೆದೊಯ್ದೆ. ಅಲ್ಲಿದ್ದದ್ದು ಕುರುಚಲು ಗಿಡ, ಒಂದು ಎಮ್ಮೆ.

"ಕೋಟೆ ಎಲ್ಲಿ?"

ವಾಪಸ್ ಕರೆತಂದು, ನಮ್ಮ ಹಿತ್ತಲಲ್ಲಿ ಅಮ್ಮ ಬಟ್ಟೆ ಒಗೆಯುವ ಕಲ್ಲು ತೋರಿಸಿದೆ. ಪಕ್ಕದ ಮನೆಯ ದನದ ಹಟ್ಟಿಯ ಮೆಟ್ಟಿಲು, ಅದರಾಚೆ ಮನೆಯ ಬಾವಿಕಟ್ಟೆ, ಎಲ್ಲವೂ ಅದೇ ಕೋಟೆ.

ಭಾವ ಕೆಂಡವಾದರು. "ಇತಿಹಾಸವನ್ನೇ ಕದ್ದಿದ್ದೀರಲ್ಲ, ನಾಚಿಕೆ ಆಗಲ್ವಾ?"

ಅಮ್ಮ ಸೀರೆ ಹಿಂಡುತ್ತಲೇ ಹೇಳಿದಳು: "ಹ್ವಾಯ್, ಕದ್ದದ್ದ್ ಅಲ್ಲ. ಬಿದ್ಕಂಡಿತ್ತ್, ನಮ್ಮ ಮಾವ ತಂದ್ ಹಾಕ್ರ್. ಈಗ ಬದಿಗ್ ನಿಲ್ಲಿ, ನೀರ್ ಹಾರತ್ತ್."

ಸಂಜೆ ಬಸ್ಸಿಗೆ ಹೊರಟ ಭಾವನ ಚೀಲ ಎತ್ತಲು ಹೋದರೆ ಏಳಲೇ ಇಲ್ಲ. ಬಿಚ್ಚಿದೆ. ಹಪ್ಪಳದ ಕಟ್ಟಿನ ಕೆಳಗೆ, ಪಂಚೆಯಲ್ಲಿ ಸುತ್ತಿದ ಒಂದು ಕೋಟೆಕಲ್ಲು!

"ತುಳಸಿಕಟ್ಟೆಗೆ ಬೇಕಿತ್ತು" ಅಂದರು ಭಾವ, ಎಮ್ಮೆಯಷ್ಟೇ ಶಾಂತವಾಗಿ.

ನಾನೇ ಹೊತ್ತು ಬಸ್ಸಿಗೆ ಹಾಕಿ ಬಂದೆ. ಪರಂಗಿಯವರಿಂದ ಆಗದ್ದು ನಮ್ಮ ಭಾವನಿಂದ ಆಯಿತು ನೋಡಿ. ಅವರ ಕೋಟೆ ನಾಳೆ ಮೈಸೂರಿಗೆ ನುಗ್ಗುತ್ತದೆ.